ಉಡಿಗೆ ಹಾಕಿದ ಕೊಕ್ಕರೆ

ಹೊನ್ನಾಳಿಯ ಕೊಟ್ರಬಸಪ್ಪನವರ ಹಿತ್ತಲಲ್ಲಿ ಭತ್ತದ ಹೊಟ್ಟು ಸುಡುವ ದಿನ ಓಣಿಯ ಹೆಂಗಸರು ಬಟ್ಟೆ ಒಣಹಾಕುತ್ತಿರಲಿಲ್ಲ. ಹೊಗೆ ಹತ್ತಿದ ಸೀರೆ ಎರಡು ಸಲ ಒಗೆದರೂ ಬಿಡುತ್ತಿರಲಿಲ್ಲ. ಬೈದುಕೊಳ್ಳುತ್ತಲೇ ಅವರು ಒಂದೆರಡು ದಿನ ಬಿಟ್ಟು ಅದೇ ಮನೆಯ ಬಾಗಿಲಿಗೆ ಬಂದು, ಹೊಸದಾಗಿ ಕುಟ್ಟಿದ ಹಲ್ಲುಪುಡಿಯನ್ನು ಸೆರಗಿನ ತುದಿಗೆ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಹೊಟ್ಟು ಬೂದಿಯಾಗಿ ಬೆಳ್ಳಗಾಗಬಾರದು, ಹಸಿಯಾಗಿಯೂ ಉಳಿಯಬಾರದು. ಕಾಗೆಯ ರೆಕ್ಕೆಯಂತೆ ಕರ್ರಗೆ ನಿಲ್ಲಬೇಕು. ಆ ಹದ ಕೊಟ್ರಬಸಪ್ಪನವರ ಕೈಗೆ ಬಂದಿತ್ತು. ಅದಕ್ಕೆ ಉಪ್ಪು, ಲವಂಗ, ಅಳಲೆಕಾಯಿ ಸೇರಿಸಿ ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಪೊಟ್ಟಣ ಕಟ್ಟುವುದು ಹೆಂಡತಿ ಕಲ್ಲಮ್ಮನ ಕೆಲಸ. ಪೊಟ್ಟಣದ ಮೇಲೆ ಹಳದಿ ಚೀಟಿ, ಚೀಟಿಯ ಮೇಲೆ ಕೆಂಪು ಬಣ್ಣದಲ್ಲಿ ಒಂಟಿ ಕಾಲಿನ ಮೇಲೆ ನಿಂತ ಕೊಕ್ಕರೆ. ಆ ಚೀಟಿ ಅಂಟಿಸುವುದು ಮಗಳು ಶಾಂತಾದೇವಿಯ ಪಾಲಿಗೆ ಬಂದಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲಂತೂ ಅವಳ ಬೆರಳ ಸಂದಿಯಲ್ಲಿ ಮೈದಾ ಅಂಟು ಒಣಗಿದ್ದೇ ಇಲ್ಲ.

ಕೊಕ್ಕರೆಯ ಅಚ್ಚನ್ನು ಕೆತ್ತಿದವನು ಚನ್ನಗಿರಿಯ ಬಡಗಿ ಮೂಕಪ್ಪ. ಕೊಟ್ರಬಸಪ್ಪನವರು ಅವನನ್ನು ಸೂಳೆಕೆರೆಯ ಏರಿಯ ಮೇಲೆ ಅರ್ಧ ದಿನ ಕೂರಿಸಿ, ಹಕ್ಕಿ ತೋರಿಸಿ, ಬೀಟೆ ಮರದ ತುಂಡಿನಲ್ಲಿ ಕೆತ್ತಿಸಿದ್ದರು. ಉಳಿ ಒಂಚೂರು ಜಾರಿ ಕೊಕ್ಕಿನ ತುದಿ ಮೇಲಕ್ಕೆ ಸೊಟ್ಟಗಾಗಿತ್ತು. ಹಾಗೆಯೇ ಇರಲಿ ಎಂದುಬಿಟ್ಟರು. ಓದು ಬಾರದ ಜನ ಆ ಸೊಟ್ಟ ಕೊಕ್ಕನ್ನೇ ನೋಡಿ ಪೊಟ್ಟಣ ಗುರುತು ಹಿಡಿಯುತ್ತಿದ್ದರು. "ಒಂಟಿಕಾಲಿನ ಪುಡಿ ಕೊಡ್ರಿ" ಎಂದರೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಯಾವ ಅಂಗಡಿಯವನೂ ಎರಡನೇ ಮಾತು ಕೇಳದೆ ಕೈ ಚಾಚುತ್ತಿದ್ದ. ಅಚ್ಚು ಸವೆದೀತೆಂದು ಮುಂದೆ ಅದೇ ಮೂಕಪ್ಪನಿಂದ ಅದರಂಥದ್ದೇ ಇನ್ನೊಂದನ್ನು, ಸೊಟ್ಟ ಕೊಕ್ಕಿನ ಸಮೇತ, ಮಾಡಿಸಿಟ್ಟುಕೊಂಡಿದ್ದರು.

ಕೊಟ್ರಬಸಪ್ಪನವರು ತೀರಿಕೊಂಡ ಮೇಲೆ ಕೆಲಸ ಮಗ ಪಂಚಾಕ್ಷರಪ್ಪನ ಕೈಗೆ ಬಂತು. ಕೈಯ ಹದವೂ ಬಂತು. ಎಪ್ಪತ್ತೆರಡನೇ ಇಸವಿಯಲ್ಲಿ ಅವನು ತಂಗಿಯನ್ನು ಜಗಳೂರಿನ ತಿಪ್ಪೇರುದ್ರಸ್ವಾಮಿಗೆ ಕೊಟ್ಟು ಮದುವೆ ಮಾಡಿದ. ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಕಿರಾಣಿ ಅಂಗಡಿ, ಚುರುಕು ಮನುಷ್ಯ, ಕೂತಲ್ಲಿ ಕೂರುವವನಲ್ಲ. ಎರಡು ವರ್ಷಕ್ಕೆ ಶಾಂತಾದೇವಿ ಬಾಣಂತನಕ್ಕೆ ಹೊನ್ನಾಳಿಗೆ ಬಂದಳು. ಐದು ತಿಂಗಳು ತುಂಬಿ ಕೂಸನ್ನು ಎತ್ತಿಕೊಂಡು ಹೊರಡುವ ಮುಂಚೆ ಒಂದು ದಿನ, ಅಣ್ಣ ಊಟಕ್ಕೆ ಕೂತಾಗ, ಗಂಡ ಕಾಗದದಲ್ಲಿ ಬರೆದಿದ್ದನ್ನು ತಡವರಿಸುತ್ತಾ ಹೇಳಿದಳು.

"ಅಣ್ಣ, ಜಗಳೂರಿನಾಗೂ ಪುಡಿ ಮಾಡಾಕೆ ಇವರು ಯೋಚನೆ ಮಾಡ್ಯಾರೆ. ಹೊಟ್ಟು ದಾವಣಗೆರೆ ಮಿಲ್ಲಿಂದ ತರಿಸ್ತಾರಂತೆ. ಹದ ನಂಗೆ ಗೊತ್ತೈತೆ. ಅಚ್ಚು ಒಂದು..."

"ಅಚ್ಚು ತಾನೇ? ಎರಡು ಅದಾವಲ್ಲ" ಎಂದ ಪಂಚಾಕ್ಷರಪ್ಪ, ಅನ್ನಕ್ಕೆ ಮಜ್ಜಿಗೆ ಸುರಿದುಕೊಳ್ಳುತ್ತಾ.

ಹೊರಡುವ ದಿನ ಕಲ್ಲಮ್ಮ ಮಗಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಅರಿಶಿನದ ಕೊಂಬು, ಎಲೆ ಅಡಿಕೆ. ಆಗ ಒಳಗಿನಿಂದ ಬಂದ ಪಂಚಾಕ್ಷರಪ್ಪ, ತೊಳೆದು ವಿಭೂತಿ ಹಚ್ಚಿದ ಅಚ್ಚನ್ನು ತಂಗಿಯ ಸೆರಗಿನಲ್ಲಿ ಅಕ್ಕಿಯ ಮೇಲೆ ಇಟ್ಟ. ಹೊಸದಲ್ಲ, ಅಪ್ಪ ಮೊದಲು ಮಾಡಿಸಿದ ಹಳೆಯದು.

ಕಲ್ಲಮ್ಮನ ಕೈ ಅಲ್ಲೇ ನಿಂತಿತು. "ಏನೋ ಪಂಚಾಕ್ಷರಿ, ಅದು ನಿಮ್ಮಪ್ಪನ ಕೈ ಆಡಿದ್ದು. ಉಡಿಗೆ ಹಾಕ್ತಾರೇನೋ ಅದನ್ನ? ಬೇಕಾದ್ರೆ ಕೈಗೆ ಕೊಡು, ಕೆಲಸ ಆದ ಮ್ಯಾಲೆ ತರ್ತಾಳೆ."

"ಅಪ್ಪನ ಮಗಳಿಗೆ ಅಪ್ಪಂದು ಎರವಲು ಕೊಡ್ಲೇನವ್ವ?"

ಅತ್ತಿಗೆ ಪ್ರೇಮಮ್ಮ ಬಾಗಿಲಿಗೆ ಒರಗಿ ನಕ್ಕಳು. "ಸೆರಗು ಗಟ್ಟಿ ಹಿಡ್ಕೊಳ್ರಿ ಶಾಂತಕ್ಕ. ಇನ್ನೊಂದು ಗಳಿಗೆ ಕುಂತ್ರೆ ಒರಳಕಲ್ಲೂ ತಂದು ಹಾಕ್ತಾರೆ ನಿಮ್ಮಣ್ಣ."

ಎಲ್ಲರೂ ನಕ್ಕರು. ಶಾಂತಾದೇವಿಯೂ ನಕ್ಕಳು. ತವರಿನವರು ಉಡಿಗೆ ಹಾಕಿದ್ದನ್ನು ಮರಳಿ ಕೇಳುವ ಪದ್ಧತಿ ಇಲ್ಲ. ಕೇಳಿದರೆ ಹೆಣ್ಣುಮಗಳ ಮನೆ ಬರಿದಾಗಲಿ ಎಂದು ಬಯಸಿದಂತೆ. ಒಂದು ಕಾಳು ಅಕ್ಕಿ ನೆಲಕ್ಕೆ ಬಿದ್ದರೂ ಆರಿಸಿ ಮತ್ತೆ ಉಡಿಗೇ ಹಾಕುತ್ತಾರೆ. ಆ ದಿನ ಬಸ್ಸಿನಲ್ಲಿ ದಾವಣಗೆರೆಯವರೆಗೂ ಅಚ್ಚು ಅವಳ ಮಡಿಲಲ್ಲಿ, ಮಲಗಿದ ಕೂಸಿನ ಪಕ್ಕದಲ್ಲೇ ಇತ್ತು.

ಜಗಳೂರಿನಲ್ಲಿ ಪುಡಿ ಕಚ್ಚಿಕೊಂಡಿತು. ತಿಪ್ಪೇರುದ್ರಸ್ವಾಮಿ ಸೈಕಲ್ಲಿನ ಹಿಂದೆ ಡಬ್ಬ ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತಿದ. ದಾವಣಗೆರೆಯ ಪ್ರೆಸ್ಸಿನಲ್ಲಿ ಮರದ ಅಚ್ಚಿನಿಂದ ಸೀಸದ ಅಚ್ಚು ಮಾಡಿಸಿ ಚೀಟಿ ಸಾವಿರಗಟ್ಟಲೆ ಹೊಡೆಸಿದ. ಮೂರೇ ವರ್ಷಕ್ಕೆ ಸೈಕಲ್ಲು ಹೋಗಿ ಮೋಟಾರ್ ಸೈಕಲ್ಲು ಬಂತು. ಹೊನ್ನಾಳಿಯ ಕೊಕ್ಕರೆ ಹೊನ್ನಾಳಿಯ ಸೀಮೆಗೆ, ಜಗಳೂರಿನ ಕೊಕ್ಕರೆ ಜಗಳೂರಿನ ಸೀಮೆಗೆ. ಬಾಯಿಮಾತಿನಲ್ಲಿ ಕೂಡ ಇದನ್ನು ಯಾರೂ ಗೊತ್ತುಮಾಡಿಕೊಂಡಿರಲಿಲ್ಲ. ತಾನಾಗಿ ಹಾಗೆ ನಡೆಯುತ್ತಿತ್ತು.

ಎಪ್ಪತ್ತೆಂಟರಲ್ಲಿ ನಕಲಿ ಪುಡಿ ಬಂತು. ಚನ್ನಗಿರಿಯ ಅಂಗಡಿಕಾರ ಶಿವಮೂರ್ತಪ್ಪ ಕೊಟ್ರಬಸಪ್ಪನವರ ಕಾಲದಿಂದ ಪುಡಿ ಮಾರುತ್ತಿದ್ದವನು. ಅವನೇ ಹೊನ್ನಾಳಿಗೆ ಬಂದು ಒಂದು ಪೊಟ್ಟಣ ಕೊಟ್ಟ. ಅದೇ ಹಳದಿ, ಅದೇ ಕೆಂಪು, ಅದೇ ಸೊಟ್ಟ ಕೊಕ್ಕು. ಒಳಗೆ ಇದ್ದಿಲು, ಇಟ್ಟಿಗೆ ಪುಡಿ. ಯಾರದೋ ಒಸಡು ಕಿತ್ತು ರಕ್ತ ಬಂದು, ಅವರು ಅಂಗಡಿಯ ಮುಂದೆ ನಿಂತು ಶಿವಮೂರ್ತಪ್ಪನ ಮಾನ ಕಳೆದು ಹೋಗಿದ್ದರು. ಎಲ್ಲಿಂದ ಬಂತು, ಯಾರು ಮಾಡಿದರು, ಒಂದೂ ತಿಳಿಯಲಿಲ್ಲ.

ಸುದ್ದಿ ಕೇಳಿ ತಿಪ್ಪೇರುದ್ರಸ್ವಾಮಿ ಹೆಂಡತಿ ಮಗುವನ್ನು ಕರೆದುಕೊಂಡು ಹೊನ್ನಾಳಿಗೆ ಬಂದ. ದಾವಣಗೆರೆಯ ವಕೀಲರೊಬ್ಬರನ್ನು ವಿಚಾರಿಸಿಯೇ ಬಂದಿದ್ದ.

"ಭಾವ, ಗುರುತನ್ನ ರಿಜಿಸ್ಟರ್ ಮಾಡಿಸ್ಬೇಕು. ಅರ್ಜಿ ಮದ್ರಾಸಿನ ಆಫೀಸಿಗೆ ಹೋಗತೈತೆ. ಒಂದ್ಸಲ ನಮ್ಮ ಹೆಸರಿಗೆ ಆತು ಅಂದ್ರೆ, ಕದ್ದು ಹಾಕಿದೋನನ್ನ ಕೋರ್ಟಿಗೆ ಎಳೀಬಹುದು. ಇಲ್ಲಾಂದ್ರೆ ನಾಳೆ ಅವನೇ ಹೋಗಿ ಮಾಡಿಸ್ಕೊಂಡು, ನೀವೇ ನಕಲಿ ಅಂದ್ರೆ ಏನ್ಮಾಡ್ತೀರಿ?"

ಪಂಚಾಕ್ಷರಪ್ಪ ಜೋರಾಗಿ ನಕ್ಕ. "ಕೊಕ್ಕರೆಗೂ ಪಟ್ಟಾ ಮಾಡಿಸ್ತಾರೇನ್ರಿ? ಗದ್ದೆಗೆ ತಾನಾಗಿ ಬರೋ ಹಕ್ಕಿ ಅದು. ಮದ್ರಾಸಿನೋರು ಇದು ನಿಂದು ಅಂತ ಬರ್ಕೊಟ್ರೆ ಬಾಲಕ್ಕೆ ಚೀಟಿ ಕಟ್ಲೇನು?"

"ನಗ್ಬ್ಯಾಡ್ರಿ ಭಾವ. ಇಬ್ಬರೂ ಸೇರಿ ರುಜು ಹಾಕೋಣ. ಖರ್ಚು ಅರ್ಧ ಅರ್ಧ."

"ಇಪ್ಪತ್ತಮೂರು ವರ್ಷದಿಂದ ಜನ ನಮ್ಮ ಪುಡಿ ಬಾಯಿಗೆ ಹಾಕ್ಕೊಂಡಾರೆ. ಇಟ್ಟಿಗೆ ಯಾವುದು, ಹೊಟ್ಟು ಯಾವುದು ಅಂತ ಅವರ ನಾಲಿಗೆ ಹೇಳತೈತೆ. ಅಪ್ಪನ ಮೇಲೆ ನಂಬಿಕೆ ಇಟ್ಟ ಜನಕ್ಕೆ ಮದ್ರಾಸಿನ ಸಾಕ್ಷಿ ಬ್ಯಾಡ ಬಿಡ್ರಿ."

ನಾಲಿಗೆ ಹೇಳುವುದೇನೋ ನಿಜ. ಆದರೆ ಜನ ಮೊದಲು ಕಣ್ಣಿನಿಂದ ಕೊಂಡು ಆಮೇಲೆ ನಾಲಿಗೆಗೆ ಹಾಕಿಕೊಳ್ಳುತ್ತಾರೆ. ಕಾಫಿ ಲೋಟ ಹಿಡಿದು ನಿಂತಿದ್ದ ಶಾಂತಾದೇವಿಗೆ ಹಾಗೆ ಅನಿಸಿತ್ತು. ಗಂಡಸರ ಮಾತಿನ ನಡುವೆ ಬಾಯಿ ಹಾಕಲಿಲ್ಲ. ಲೋಟ ಇಟ್ಟು ಒಳಗೆ ಹೋದಳು. ಆ ನಕಲಿಯವನು ಆರು ತಿಂಗಳಿಗೆ ತಾನಾಗಿಯೇ ಮಾಯವಾದ. ಪಂಚಾಕ್ಷರಪ್ಪನಿಗೆ ತನ್ನ ಮಾತೇ ಗೆದ್ದಿತು ಎನಿಸಿತು.

ಮರುವರ್ಷ ತಿಪ್ಪೇರುದ್ರಸ್ವಾಮಿ ಒಬ್ಬನೇ ಅರ್ಜಿ ಹಾಕಿದ. ವಕೀಲರ ಗುಮಾಸ್ತ ಟೈಪು ಮಾಡಿ ಕಳಿಸಿದ್ದ ಹಾಳೆಗಳ ಜೊತೆಗೆ ಕನ್ನಡದಲ್ಲಿ ಒಂದು ಪ್ರತಿ ಇತ್ತು. ಅಂಗಡಿಯ ಗಲ್ಲೆಯ ಹತ್ತಿರ ಕೂತು ಶಾಂತಾದೇವಿ ಅದನ್ನು ನಿಧಾನವಾಗಿ ಓದಿದಳು. ಗುರುತಿನ ಮಾಲೀಕರು ಎಂಬಲ್ಲಿ ಗಂಡನ ಹೆಸರೊಂದೇ ಇತ್ತು. ಅಣ್ಣನ ಹೆಸರಿಲ್ಲ, ಹೊನ್ನಾಳಿಯ ಹೆಸರಿಲ್ಲ.

"ರೀ, ಅಣ್ಣಂದು?"

"ರುಜು ಹಾಕು ಅಂದ್ರೆ ನಿಮ್ಮಣ್ಣ ಬಾಲಕ್ಕೆ ಚೀಟಿ ಕಟ್ತೀನಿ ಅಂದ. ನಾನೇನು ಅವನ ಕೈ ಹಿಡಿದು ಬರೆಸ್ಲಾ? ಯಾರ ಹೆಸರಿಗಾದ್ರೇನು, ಬೇರೆಯೋರ ಪಾಲಾಗ್ಲಿಲ್ಲ ತಾನೇ. ಮುಂದೆ ಸೇರಿಸಿದ್ರಾತು."

ಅವಳು ಹಾಳೆಗಳನ್ನು ಜೋಡಿಸಿ ಕೊಟ್ಟಳು. ಆಗ ಗಂಡನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಎಂದು ಅವಳು ಈಗಲೂ ನಂಬುತ್ತಾಳೆ.

ಸರ್ಕಾರದ ಕಾಗದ ನಡೆಯುವುದು ಆಮೆಯ ಕಾಲಿನಲ್ಲಿ. ಎಂಬತ್ತಮೂರರ ಶ್ರಾವಣದಲ್ಲಿ ವಕೀಲರಿಂದ ಲಕೋಟೆ ಬಂತು. ಕೊಕ್ಕರೆಯ ಗುರುತು ಸರ್ಕಾರದ ಪತ್ರಿಕೆಯಲ್ಲಿ ಅಚ್ಚಾಗಿದೆ, ಯಾರದಾದರೂ ತಕರಾರಿದ್ದರೆ ಮೂರು ತಿಂಗಳೊಳಗೆ ಬರೆದು ತಿಳಿಸಬೇಕು, ಯಾರೂ ತಿಳಿಸದಿದ್ದರೆ ಗುರುತು ತಿಪ್ಪೇರುದ್ರಸ್ವಾಮಿಯದು.

ಅದೇ ವಾರ ದಾವಣಗೆರೆಯ ದೊಡ್ಡ ವ್ಯಾಪಾರಿಯೊಬ್ಬನ ಕಡೆಯವರು ಮನೆಗೆ ಬಂದರು. ಅವರಿಗೆ ಪುಡಿ ಬೇಕಿರಲಿಲ್ಲ, ಗುರುತು ಬೇಕಿತ್ತು. ರಿಜಿಸ್ಟರ್ ಆದ ಮೇಲೆ ಅದನ್ನು ತಮಗೆ ಬರೆದುಕೊಟ್ಟರೆ ಒಳ್ಳೆಯ ಬೆಲೆಯ ಜೊತೆಗೆ ಮೂರು ತಾಲೂಕಿನ ಏಜೆನ್ಸಿ. ಅವರು ಹೋದ ಮೇಲೆ ಶಾಂತಾದೇವಿ ಬಾಗಿಲ ಬಳಿ ನಿಂತಳು.

"ಅವರು ತಗೊಂಡ್ರೆ ಹೊನ್ನಾಳಿಯಾಗೆ ಅಣ್ಣ..."

"ಕೊಕ್ಕರೆ ಹಾಕೋ ಹಂಗಿಲ್ಲ." ತಿಪ್ಪೇರುದ್ರಸ್ವಾಮಿ ಅವಳ ಮುಖ ನೋಡದೆ ಹೇಳಿದ. "ನಂಗೂ ಸಂಕಟ ಆಗತೈತೆ ಶಾಂತಾ. ಆದ್ರೆ ಹಿಂಗಾಗ್ತದೆ ಅಂತ ನಾನು ಎಷ್ಟು ಸಲ ಹೇಳಿದೆ? ನೀನೇ ಅಲ್ಲಿ ನಿಂತಿದ್ದೆ. ಅವನಿಗೊಂದು ಹಿಟ್ಟಿನ ಗಿರಣಿ ಹಾಕಿಸಿಕೊಡೋಣ. ಈಗ ಹೋಗಿ ಏನೂ ಹೇಳಬ್ಯಾಡ, ನಾನೇ ಸಮಯ ನೋಡಿ ಹೇಳ್ತೀನಿ."

ಅವಳು ದಿನ ಎಣಿಸತೊಡಗಿದಳು. ಮೊದಲ ತಿಂಗಳು ಮಗಳಿಗೆ ದಡಾರ. ಎರಡನೇ ತಿಂಗಳು ನೆಂಟರ ಮನೆಯ ಕಾರ್ಯ. ನೆಪ ಹುಡುಕಿದರೆ ನೆಪಕ್ಕೇನು ಬರ. ಹೋಗಿ ಹೇಳಿದರೆ ಗಂಡನಿಗೆ ಎರಡು ಬಗೆದಂತೆ, ಹೇಳದಿದ್ದರೆ ಅಣ್ಣನಿಗೆ. ಅಚ್ಚು ಕೇಳಿದವಳು ತಾನೇ ಎಂಬುದೂ ಮನಸ್ಸಿನಿಂದ ಹೋಗುತ್ತಿರಲಿಲ್ಲ. ಗಡುವಿಗೆ ಹನ್ನೊಂದು ದಿನ ಉಳಿದಾಗ, ಅವ್ವನಿಗೆ ಹುಷಾರಿಲ್ಲವಂತೆ ಎಂದು ಸುಳ್ಳು ಹೇಳಿ, ಒಬ್ಬಳೇ ಹೊನ್ನಾಳಿಯ ಬಸ್ಸು ಹತ್ತಿದಳು.

ಕಲ್ಲಮ್ಮ ಗಟ್ಟಿಯಾಗಿಯೇ ಇದ್ದಳು, ಕಟ್ಟೆಯ ಮೇಲೆ ಲವಂಗ ಆರಿಸುತ್ತಿದ್ದಳು. ಶಾಂತಾದೇವಿ ಕಾಲು ತೊಳೆದುಕೊಂಡವಳೇ ಎಲ್ಲವನ್ನೂ ಹೇಳಿದಳು. ಪ್ರೇಮಮ್ಮ ಒನಕೆ ಎತ್ತಿ ಗೋಡೆಗೆ ಒರಗಿಸಿದಳು.

"ಅಂದ್ರೆ ನಾಳೆಯಿಂದ ನಮ್ಮ ಕೊಕ್ಕರೆ ನಮ್ಮ ಪೊಟ್ಟಣದ ಮ್ಯಾಲೆ ಕೂರೋ ಹಂಗಿಲ್ಲ, ಅಲ್ಲೇನ್ರಿ ಶಾಂತಕ್ಕ? ಕೂಸಿಗೆ ಹಾಲು ಕುಡಿಸಿದ ಮನಿ ಬಾಗಿಲಿಗೇ ನೋಟೀಸು!" ಆಮೇಲೆ, ಜರಡಿ ಹಿಡಿದು ಕೂತಿದ್ದ ಗಂಡನ ಕಡೆ ತಿರುಗಿದಳು. "ಏಳ್ರಿ, ಚನ್ನಗಿರಿಗೆ ಹೋಗ್ರಿ. ಶಿವಮೂರ್ತಪ್ಪ ವರ್ಷ ವರ್ಷ ದೀಪಾವಳಿಗೆ ಬೀರುವಿನ ಬಾಗಿಲಿಗೆ ಒಂದೊಂದು ಚೀಟಿ ಅಂಟಿಸಿ ಇಸವಿ ಬರೆದಾನೆ. ಐವತ್ತೈದರಿಂದ ಅದಾವೆ. ಆ ಬಾಗಿಲನ್ನೇ ಕಿತ್ಕೊಂಡು ವಕೀಲರ ಮುಂದೆ ನಿಲ್ಲಿಸ್ರಿ. ಮೊದಲು ಹಾಕಿದೋರು ಯಾರು ಅಂತ ಅದೇ ಹೇಳತೈತೆ."

ಸಾಕ್ಷಿ ಇತ್ತು. ದಿನವೂ ಇತ್ತು. ವಕೀಲರೂ ದೂರವಿರಲಿಲ್ಲ. ಪಂಚಾಕ್ಷರಪ್ಪ ಮಾತ್ರ ಎದ್ದೇಳಲಿಲ್ಲ.

"ಯಾರ ಮ್ಯಾಲೆ ತಕರಾರು ಬರೀಲಿ ಪ್ರೇಮಾ? ತಂಗಿ ಮನಿ ಮ್ಯಾಲಾ? ಅಚ್ಚು ಯಾರೂ ಕದೀಲಿಲ್ಲ. ನಾನೇ ಈ ಕೈಯಾರೆ ಉಡಿಗೆ ಹಾಕಿದ್ದು. ಅದನ್ನ ಕೋರ್ಟಿನಾಗೆ ವಾಪಸ್ ಕೇಳ್ಲಾ?"

"ಉಡಿಗೆ ಹಾಕಿದ್ದು ಮರದ ತುಂಡು. ಅಪ್ಪನ ಹೆಸರನ್ನೂ ಹಾಕಿದ್ರೇನು?"

"ನಂಗೆ ಎರಡಕ್ಕೂ ಫರಕ್ ಗೊತ್ತಿರಲಿಲ್ಲ ಮಾರಾಯ್ತಿ. ತಿಪ್ಪೇರುದ್ರಸ್ವಾಮಿಗೆ ಗೊತ್ತಿತ್ತು. ಬಂದು ಹೇಳಿದ, ನಾನು ನಕ್ಕೆ."

ಕಲ್ಲಮ್ಮ ಲವಂಗದ ಮೊರ ಪಕ್ಕಕ್ಕೆ ಸರಿಸಿದಳು. "ನಾವು ಕೇಳಬಾರದು, ಅಷ್ಟೇ ಶಾಸ್ತ್ರ. ಅವಳಾಗೇ ಕೊಡ್ತೀನಿ ಅಂದ್ರೆ ಯಾವ ದೋಷನೂ ಇಲ್ಲ. ಅವಳು ಕೊಟ್ಟ ಮ್ಯಾಲೆ ನೀನು ತಕರಾರು ಬರೆದ್ರೆ ಅದು ಕಿತ್ಕೊಂಡಂಗೂ ಆಗಲ್ಲ."

ಪಂಚಾಕ್ಷರಪ್ಪ ತಲೆ ಎತ್ತಿ ತಂಗಿಯನ್ನು ನೋಡಿದ. ಅವನ ಹುಬ್ಬಿನ ಮೇಲೆ ಕರಿಪುಡಿ ಕೂತಿತ್ತು.

"ನೀನೇನಂತೀಯ ಶಾಂತಾ?"

ಬೇಕಿದ್ದುದು ಒಂದೇ ಮಾತು. ತಗೋ ಅಣ್ಣ, ನಿಂದು ನಿನಗೆ. ಅದು ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಜೊತೆಗೇ ಜಗಳೂರಿನ ಮನೆ ಬಂತು, ಅರ್ಧ ಎದ್ದು ನಿಂತ ಮಾಳಿಗೆ ಬಂತು, ಇನ್ನೂ ಓದಿ ಮುಂದೆ ಬರಬೇಕಾದ ಮಗಳು ಬಂದಳು, ಊಟ ಬಿಟ್ಟು ಎದ್ದುಹೋಗುವ ಗಂಡನ ಬೆನ್ನು ಬಂತು. ಎಲ್ಲರೂ ತನ್ನನ್ನೇ ನೋಡುತ್ತಿದ್ದರು. ಎಲ್ಲರೂ ನೋಡುವಾಗ ಮಾತಾಡುವುದು ಅವಳಿಗೆ ಹುಟ್ಟಿದಾಗಿನಿಂದ ಆಗದ ಕೆಲಸ.

"ನಾನೇನು ಹೇಳ್ಲಿ ಅಣ್ಣ" ಎಂದಳು.

ಪಂಚಾಕ್ಷರಪ್ಪ ಒಂದು ಗಳಿಗೆ ಕಾದ. ಆಮೇಲೆ, "ಆತು ಬಿಡು. ಬಿಸಿಲಾಗೆ ಬಂದೀಯ, ಉಣ್ಣು ನಡಿ" ಎಂದು ಎದ್ದ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಅವಳಿಗೆ. ಹೇಳಬೇಕಾದ್ದು ಹೇಳಿಯಾಯಿತು, ಬೇಡವೆಂದವನು ಅಣ್ಣನೇ. ಆ ದಿನ ಆದ ಆ ಸಮಾಧಾನಕ್ಕೆ ಅವಳು ಮುಂದೆ ಎಷ್ಟೋ ವರ್ಷ ನಾಚಿಕೊಂಡಳು.

ಹನ್ನೊಂದು ದಿನ ಕಳೆದವು. ಮರುವರ್ಷ ಗುರುತು ರಿಜಿಸ್ಟರ್ ಆಯಿತು, ಆಮೇಲೆ ದಾವಣಗೆರೆಯವರ ಪಾಲಾಯಿತು. ಎಂಬತ್ತೈದರಲ್ಲಿ ಅವರ ವಕೀಲರ ನೋಟೀಸು ಹೊನ್ನಾಳಿಗೆ ಬಂತು. ಅದನ್ನು ಓದಿಸಿ ಕೇಳಿದ ಪಂಚಾಕ್ಷರಪ್ಪ ಉಳಿದಿದ್ದ ಹಳದಿ ಚೀಟಿಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದ. ಹಿಟ್ಟಿನ ಗಿರಣಿ ಬೇಡವೆಂದ. ಬೇರೆ ಚಿತ್ರ ಹಾಕು ಎಂದವರಿಗೆ, ಅಪ್ಪ ಇನ್ನೊಂದು ಹಕ್ಕಿ ತೋರಿಸಿ ಹೋಗಲಿಲ್ಲ ಎಂದ. ಬರೀ ಖಾಕಿ ಕಾಗದದಲ್ಲಿ ಪೊಟ್ಟಣ ಕಟ್ಟತೊಡಗಿದ. ಅಂಗಡಿಗಳು ಒಂದೊಂದಾಗಿ ಕೈಬಿಟ್ಟವು. "ಪುಡಿ ಅದೇ ಅಂತ ನಂಗೆ ಗೊತ್ತೈತೆ ಪಂಚಾಕ್ಷರಪ್ಪ, ಗಿರಾಕಿಗೆ ಹೆಂಗೆ ಗೊತ್ತಾಗ್ಬೇಕು?" ಎಂದು ಶಿವಮೂರ್ತಪ್ಪನೂ ಕೈ ಮುಗಿದ. ಅವನ ಅಂಗಡಿಯಲ್ಲೂ ಈಗ ಹೊಸ ಕೊಕ್ಕರೆ ಬಂದಿತ್ತು, ರಟ್ಟಿನ ಡಬ್ಬಿ, ಗುಲಾಬಿ ಬಣ್ಣದ ಸಿಹಿ ಪುಡಿ. ಕೊಕ್ಕಿನ ಸೊಟ್ಟ ಹಾಗೆಯೇ ಇತ್ತು.

ಎಂಬತ್ತಾರರ ಬೇಸಿಗೆಯಲ್ಲಿ ಶಾಂತಾದೇವಿ ತವರಿಗೆ ಬಂದಳು. ಪ್ರೇಮಮ್ಮನಿಗೆ ಜ್ವರ. ಪಂಚಾಕ್ಷರಪ್ಪ ನ್ಯಾಮತಿಯ ಸಂತೆಗೆ ಹೊರಟಿದ್ದ. ಚೀಲ ಹಿಡಿಯಲು ಇನ್ನೊಂದು ಕೈ ಬೇಕಿತ್ತು, ಅವಳು ಜೊತೆಗೆ ಹೋದಳು.

ಮೊದಲೆಲ್ಲ ಅಣ್ಣ ಸಂತೆಯಲ್ಲಿ ಬಾಯಿ ತೆರೆದವನಲ್ಲ. ಚೀಟಿ ಕಾಣುವ ಹಾಗೆ ಪೊಟ್ಟಣ ಜೋಡಿಸಿ, ಕೈಕಟ್ಟಿ ಕೂತರೆ ಸಾಕಿತ್ತು. ಈಗ ಅವನು ಎದ್ದು ನಿಂತು ಕೂಗುತ್ತಿದ್ದ. ಒಂದು ಪೊಟ್ಟಣ ಬಿಚ್ಚಿ, ಬೆರಳಲ್ಲಿ ಪುಡಿ ಅದ್ದಿ, ತನ್ನ ಹಲ್ಲಿಗೇ ಉಜ್ಜಿ ತೋರಿಸುತ್ತಿದ್ದ. ಐವತ್ತರ ಹತ್ತಿರದ ಮನುಷ್ಯ, ಕಪ್ಪು ತುಟಿ ಬಿಟ್ಟುಕೊಂಡು ಬಿಸಿಲಿನಲ್ಲಿ ಹಲ್ಲು ಕಿರಿಯುತ್ತಿದ್ದ. ಸುತ್ತ ನಿಂತವರು ನಗುತ್ತಿದ್ದರು. ಶಾಂತಾದೇವಿ ಚೀಲದ ಬಾಯಿ ಹಿಡಿದು ನೆಲ ನೋಡುತ್ತಾ ಕೂತಿದ್ದಳು.

ಒಬ್ಬ ಮುದುಕಿ ಬಂದು ಪೊಟ್ಟಣ ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. "ಹಕ್ಕಿ ಎಲ್ಲೈತಪ್ಪ ಇದರಾಗೆ?"

"ಹಕ್ಕಿ ಇಲ್ಲಜ್ಜಿ. ಪುಡಿ ಅದೇ. ಹೊನ್ನಾಳಿ ಕೊಟ್ರಬಸಪ್ಪಂದು."

"ಹಕ್ಕಿ ಇಲ್ಲದ್ದು ಕೊಟ್ರಬಸಪ್ಪಂದು ಹೆಂಗಾಗತೈತೆ? ವಯಸ್ಸಾದೋರಿಗೆ ಕಣ್ಣು ಕಾಣಲ್ಲ ಅಂತ ನಕಲಿ ಮಾರಾಕೆ ಬಂದೀಯೇನು? ಸತ್ತೋರ ಹೆಸರು ಹೇಳಾಕೆ ನಾಚ್ಕಿ ಆಗಲ್ವಾ?"

ಪಂಚಾಕ್ಷರಪ್ಪನ ಬಾಯಿ ಕಪ್ಪಗೆ ತೆರೆದದ್ದು ಹಾಗೆಯೇ ಇತ್ತು. ಶಾಂತಾದೇವಿ ತಟ್ಟನೆ ಎದ್ದು ನಿಂತಳು. ಸಂತೆಯ ಜನ ನೋಡುತ್ತಿದ್ದಾರೆ ಎಂಬುದು ಆ ಹೊತ್ತಿಗೆ ಅವಳಿಗೆ ನೆನಪೇ ಆಗಲಿಲ್ಲ.

"ಇದೇ ಅಸಲು ಅಜ್ಜಿ. ಅಂಗಡಿಯಾಗೆ ಇರೋದೇ ನಕಲಿ. ಇವನು ಕೊಟ್ರಬಸಪ್ಪನ ಮಗ. ನಾನು ಕಂಡಿದ್ದು ಹೇಳ್ತೀನಿ, ದೇವರಾಣೆ."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀನ್ಯಾರವ್ವ?"

"ಇವನ ತಂಗಿ."

"ಸರಿ ಹೋತು. ತಂಗಿ ಅಣ್ಣನ ಪರ ಹೇಳ್ದೆ ಇನ್ನೇನು ಹೇಳ್ತಾಳೆ?" ಎಂದು ಮುದುಕಿ ಪೊಟ್ಟಣವನ್ನು ತಟ್ಟಿನ ಮೇಲೆ ಹಾಕಿ, ಮೆಣಸಿನಕಾಯಿ ರಾಶಿಯ ಕಡೆ ನಡೆದಳು.

ನೋಡುತ್ತಿದ್ದವರೂ ಒಬ್ಬೊಬ್ಬರಾಗಿ ಚದುರಿದರು. ಪಂಚಾಕ್ಷರಪ್ಪ ಚೊಂಬಿನ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿ, ಹೆಗಲ ಮೇಲಿನ ಟವೆಲಿನಿಂದ ತುಟಿ ಒರೆಸಿಕೊಂಡ. ತಂಗಿ ಇನ್ನೂ ನಿಂತೇ ಇದ್ದಳು. ಅವಳ ಕಣ್ಣು ತುಂಬಿದ್ದು ಅವನಿಗೆ ಕಂಡಿತೋ ಇಲ್ಲವೋ.

"ಕೂತ್ಕೋ ಶಾಂತಾ" ಎಂದ. "ಬಸ್ಸಿಗೆ ಇನ್ನೂ ಹೊತ್ತೈತೆ."